ಬ್ರ್ಯಾಕೆಟ್ ಎಲ್ಲಿ ತಪ್ಪಿತು, ಕಾಮೆಂಟ್ ಎಲ್ಲಿ ಹೋಯಿತು?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ಡೈ, ಫಿಕ್ಸ್ಚರ್‌ಗಳ ವಿನ್ಯಾಸ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಊರು ಗದಗ. ಆಟೊಕ್ಯಾಡ್‌ಗೆಂದು ಬೇರೆ ಬೇರೆಯವರು ಬರೆದಿಟ್ಟುಹೋದ ಆಟೊಲಿಸ್ಪ್ (ಆಟೊಕ್ಯಾಡ್ ಒಳಗೆ ಓಡುವ ಲಿಸ್ಪ್ ಭಾಷೆ) ಫೈಲುಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಅವುಗಳನ್ನು ಓದಿ, ತಪ್ಪು ತೋರಿಸಿ, ಇಂಡೆಂಟ್ ಸರಿಪಡಿಸಿ ಮತ್ತೆ ಬರೆಯುವ ಉಪಕರಣವೊಂದನ್ನು ಕಾಮನ್ ಲಿಸ್ಪ್‌ನಲ್ಲಿ ಕಟ್ಟುತ್ತಿದ್ದೇನೆ. ಓದಲು ಭಾಷೆಯದೇ ‘ರೀಡ್’ ಫಂಕ್ಷನ್, ಸ್ಥಾನ ತಿಳಿಯಲು ‘ಫೈಲ್-ಪೊಸಿಷನ್’ ಬಳಸಿದ್ದೇನೆ. ‘ಸಿ:’ ಎಂದು ಶುರುವಾಗುವ ಕಮಾಂಡ್ ಹೆಸರುಗಳು ರೀಡ್‌ಗೆ ದಕ್ಕದ ಕಾರಣ ಮೊದಲೇ ಕೋಲನ್ ತೆಗೆದು ಹೈಫನ್ ಹಾಕುತ್ತೇನೆ. ಆದರೆ ಮರಳಿ ಬರೆದಾಗ ಕಾಮೆಂಟುಗಳೆಲ್ಲ ಮಾಯ. ತಪ್ಪಿನ ಸಾಲು ತೋರಿಸಲು ಹೋದರೆ ಎಷ್ಟೋ ಸಲ ಫಂಕ್ಷನ್ನಿನ ಮೇಲಿರುವ ಕಾಮೆಂಟಿನ ಸಾಲು ಬರುತ್ತದೆ. ಮರಾಠಿ ಕಾಮೆಂಟ್ ಇರುವ ಕೆಲವು ಫೈಲುಗಳಂತೂ ತೆರೆಯುವುದೇ ಇಲ್ಲ. ಓದಿದ ಪ್ರತಿ ತುಣುಕಿಗೂ ಅದರ ಸ್ಥಾನವನ್ನು ಜೋಡಿಸಿಡುವ ಸರಿಯಾದ ದಾರಿ ಯಾವುದು? ರೀಡ್ ಬಿಟ್ಟುಹೋದದ್ದನ್ನು ಮರಳಿ ಪಡೆಯಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಪಡೆಯಲಾಗದು. ರೀಡ್ ತನ್ನ ಕೆಲಸ ಮುಗಿಸಿದ ಮೇಲೆ ಅದರ ಫಲಿತಾಂಶದಲ್ಲಿ ಕಾಮೆಂಟನ್ನೋ ಸ್ಥಾನವನ್ನೋ ಹುಡುಕುವುದು ರುಬ್ಬಿದ ಹಿಟ್ಟಿನಲ್ಲಿ ಉದ್ದಿನ ಕಾಳು ಹುಡುಕಿದಂತೆ. ಎರಡನ್ನೂ ಓದುವ ಹೊತ್ತಿನಲ್ಲೇ ಹಿಡಿದಿಡಬೇಕು; ಓದುವವನೇ ಅವನ್ನು ಫಲಿತಾಂಶದ ಭಾಗವಾಗಿ ಕೊಡಬೇಕು. ನಿಮ್ಮ ಮೊದಲ ಎರಡು ತೊಂದರೆಗಳ ಬೇರು ಇದೊಂದರಲ್ಲೇ ಇದೆ; ತೆರೆಯದ ಮರಾಠಿ ಫೈಲುಗಳ ಕಾರಣ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ರೀಡ್ ಏಕೆ ಹೀಗೆ ಎಂಬುದನ್ನು ನೋಡೋಣ. ಬೇರೆ ಭಾಷೆಗಳ ಪಾರ್ಸರ್‌ಗಳು ತಮ್ಮದೇ ಒಂದು ಮರವನ್ನು ಕಟ್ಟುತ್ತವೆ. ಆ ಮರದ ಪ್ರತಿ ಗೆಣ್ಣಿನಲ್ಲೂ ಸಾಲು, ಕಾಲಂ ಬರೆದಿಡಲು ಜಾಗವಿರುತ್ತದೆ. ಲಿಸ್ಪ್‌ನ ರೀಡ್ ಕಟ್ಟುವುದು ಅಂಥ ಮರವನ್ನಲ್ಲ, ಭಾಷೆಯದೇ ದತ್ತಾಂಶವನ್ನು: ಕಾನ್ಸ್ ಕೋಶ (ಲಿಸ್ಟಿನ ಒಂದೊಂದು ಕೊಂಡಿ), ಸಿಂಬಲ್ (ಹೆಸರು), ಸಂಖ್ಯೆ, ಸ್ಟ್ರಿಂಗ್. ಕಾನ್ಸ್ ಕೋಶದಲ್ಲಿ ಇರುವುದು ಎರಡೇ ಖಾನೆ, ಎರಡೂ ಭರ್ತಿ. ಸ್ಥಾನವನ್ನು ಎಲ್ಲಿಡುತ್ತೀರಿ? ಸಿಂಬಲ್‌ನದು ಇನ್ನೂ ಕಷ್ಟದ ಕಥೆ. ಫೈಲಿನಲ್ಲಿ ‘ದಪ್ಪ’ ಎಂಬ ಹೆಸರು ನೂರು ಕಡೆ ಬಂದರೂ ಮೆಮೊರಿಯಲ್ಲಿ ಆ ಸಿಂಬಲ್ ಒಂದೇ. ಅದಕ್ಕೆ ಸಾಲಿನ ಸಂಖ್ಯೆ ಅಂಟಿಸಿದರೆ ನೂರರಲ್ಲಿ ಯಾವ ಸಾಲು?

ಹಾಗಾದರೆ ಪಕ್ಕದಲ್ಲಿ ಒಂದು ಹ್ಯಾಶ್ ಟೇಬಲ್ ಇಟ್ಟುಕೊಂಡು, ವಸ್ತುವಿನಿಂದ ಸ್ಥಾನಕ್ಕೆ ನಕ್ಷೆ ಬರೆದರಾಯಿತಲ್ಲ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅರ್ಧ ದಾರಿಯವರೆಗೆ ಅದು ಸರಿಯೇ. ನೀವು ಬಳಸುವುದು ಎಸ್‌ಬಿಸಿಎಲ್ (ಕಾಮನ್ ಲಿಸ್ಪ್‌ನ ಒಂದು ಅಳವಡಿಕೆ) ಆಗಿದ್ದರೆ ಅದರ ಕಂಪೈಲರ್ ಒಳಗೇ ಇಂಥ ಟೇಬಲ್ ಇದೆ. ಅದು ಕಾನ್ಸ್‌ಗಳನ್ನು ಕೀಲಿಯಾಗಿ ಇಟ್ಟುಕೊಂಡು, ಹೊರಗಿನ ಫಾರ್ಮಿನಿಂದ (ಫಾರ್ಮು ಅಂದರೆ ರೀಡ್ ಒಮ್ಮೆಗೆ ಓದುವ ಪೂರ್ಣ ತುಣುಕು) ಒಳಗಿನ ಫಾರ್ಮಿಗೆ ಎಷ್ಟನೆಯ ಮಗು, ಅದರೊಳಗೆ ಎಷ್ಟನೆಯದು ಎಂಬ ದಾರಿಯನ್ನು ನೆನಪಿಡುತ್ತದೆ. ಈಮ್ಯಾಕ್ಸ್ ಎಡಿಟರ್‌ನಲ್ಲಿ ಲಿಸ್ಪ್ ಬರೆಯಲು ನೆರವಾಗುವ ಸ್ಲೈಮ್ ಆ ದಾರಿಯನ್ನು ಅಕ್ಷರಸ್ಥಾನವಾಗಿ ಮಾಡಲು ಫೈಲನ್ನು ಮತ್ತೊಮ್ಮೆ ಓದುತ್ತದೆ. ಆ ಓದಿಗೆ ಅದು ಬಳಸುವ ರೀಡ್‌ಟೇಬಲ್ (ಯಾವ ಅಕ್ಷರ ಕಂಡರೆ ಏನು ಮಾಡಬೇಕೆಂಬ ಪಟ್ಟಿ) ವಿಶೇಷವಾದದ್ದು. ಅದರಲ್ಲಿ ಪ್ರತಿ ಮ್ಯಾಕ್ರೋ ಅಕ್ಷರದ (ಕಂಡೊಡನೆ ತನಗೆ ಕಟ್ಟಿದ ಫಂಕ್ಷನ್ ನಡೆಸುವ ಅಕ್ಷರ) ಫಂಕ್ಷನ್ನಿಗೂ ಒಂದು ಹೊದಿಕೆ ಹಾಕಿ, ಶುರು ಎಲ್ಲಿ, ಕೊನೆ ಎಲ್ಲಿ ಎಂದು ದಾಖಲಿಸಿಕೊಳ್ಳುತ್ತದೆ. ಜಾಣ ಉಪಾಯ. ಕಂಪೈಲರ್ ಎಚ್ಚರಿಕೆಯ ಜಾಗ ತೋರಿಸಲು ಅಷ್ಟು ಸಾಕು. ಮರಳಿ ಬರೆಯುವ ಉಪಕರಣಕ್ಕೆ ಸಾಲದು. ಸಿಂಬಲ್, ಸಂಖ್ಯೆಗಳಿಗೆ ಈ ಟೇಬಲ್‌ನಲ್ಲಿ ಜಾಗವಿಲ್ಲ. ಖಾಲಿ ಆವರಣ, ಅಂದರೆ (), ಓದಿದ ಕೂಡಲೇ ನಿಲ್ ಎಂಬ ಸಿಂಬಲ್ ಆಗಿಬಿಡುತ್ತದೆ. ಅಲ್ಲಿ ಕಾನ್ಸ್ ಹುಟ್ಟುವುದೇ ಇಲ್ಲ. ಆರ್ಗ್ಯುಮೆಂಟ್ ಇಲ್ಲದ ಫಂಕ್ಷನ್ ಬರೆದವನು () ಎಂದು ಬರೆದಿದ್ದನೋ ನಿಲ್ ಎಂದು ಬರೆದಿದ್ದನೋ ನಿಮಗೆ ತಿಳಿಯದು.

ಇತರ ಲಿಸ್ಪ್‌ಗಳು ಈ ತೊಡಕನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ರಾಕೆಟ್ ಭಾಷೆಯಲ್ಲಿ ‘ರೀಡ್-ಸಿಂಟ್ಯಾಕ್ಸ್’ ಎಂಬ ಬೇರೆಯೇ ಫಂಕ್ಷನ್ ಇದೆ. ಅದು ಪ್ರತಿ ತುಣುಕನ್ನೂ ಸಿಂಟ್ಯಾಕ್ಸ್ ಆಬ್ಜೆಕ್ಟ್ ಎಂಬ ಲಕೋಟೆಯಲ್ಲಿಟ್ಟು ಮೇಲೆ ಸಾಲು, ಕಾಲಂ, ಸ್ಥಾನ, ಉದ್ದ ಬರೆದುಕೊಡುತ್ತದೆ. ಕ್ಲೋಜರ್ ಲಿಸ್ಟುಗಳಿಗೆ ಮೆಟಾಡೇಟಾ ಅಂಟಿಸುತ್ತದೆ. ಆದರೆ ಕೀವರ್ಡ್, ಸ್ಟ್ರಿಂಗ್, ಸಂಖ್ಯೆಗಳು ಮೆಟಾಡೇಟಾ ಹೊರಲಾರವು. ಈಮ್ಯಾಕ್ಸ್ ಲಿಸ್ಪ್‌ನ ಕಂಪೈಲರ್ ಬಹುಕಾಲ ಎಚ್ಚರಿಕೆಯ ಸಾಲನ್ನು ಹೆಚ್ಚುಕಡಿಮೆ ಊಹಿಸಿ ಹೇಳುತ್ತಿತ್ತು. 2023ರಲ್ಲಿ ಬಂದ 29ನೇ ಆವೃತ್ತಿಯಲ್ಲಿ ಸ್ಥಾನವನ್ನೂ ಹೊತ್ತ ವಿಶೇಷ ಸಿಂಬಲ್‌ಗಳನ್ನು ತಂದ ಮೇಲೆ ಆ ಊಹೆಗೆ ತೆರೆ ಬಿತ್ತು. ದಶಕಗಳ ಕಾಲ ಪಳಗಿದವರಿಗೇ ಇಷ್ಟು ಕಾಡಿದ ವಿಷಯ ಇದು. ನೀವು ಸಿಕ್ಕಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ನಿಮ್ಮ ಸಾಲಿನ ಸಂಖ್ಯೆ ಏಕೆ ಮೇಲಕ್ಕೆ ಜಾರುತ್ತದೆ ಎಂಬುದು. ನೀವು ರೀಡ್ ಕರೆಯುವ ಮುನ್ನ ಫೈಲ್-ಪೊಸಿಷನ್ ಕೇಳಿ ಅದನ್ನೇ ಫಾರ್ಮಿನ ಆರಂಭ ಎಂದುಕೊಂಡಿದ್ದೀರಿ. ಆ ಹೊತ್ತಿಗೆ ರೀಡ್ ಇರುವುದು ಹಿಂದಿನ ಫಾರ್ಮು ಮುಗಿದ ಜಾಗದಲ್ಲಿ. ಅಲ್ಲಿಂದ ಖಾಲಿ ಸಾಲು, ಹತ್ತು ಸಾಲಿನ ಕಾಮೆಂಟು ಎಲ್ಲವನ್ನೂ ದಾಟಿ ಆಮೇಲೆ ಫಾರ್ಮಿಗೆ ಬರುತ್ತದೆ. ‘ಪೀಕ್-ಚಾರ್’ ಬಳಸಿ ಖಾಲಿ ಜಾಗವನ್ನು ಮೊದಲೇ ದಾಟಿಸಬಹುದು, ಆದರೆ ಅದು ಸೆಮಿಕೋಲನ್ ಕಂಡಲ್ಲಿ ನಿಲ್ಲುತ್ತದೆ. ಏಕೆಂದರೆ ಕಾಮನ್ ಲಿಸ್ಪ್‌ನ ಕಣ್ಣಿಗೆ ಸೆಮಿಕೋಲನ್ ಖಾಲಿ ಜಾಗವಲ್ಲ, ಬ್ರ್ಯಾಕೆಟ್ಟಿನ ಹಾಗೆ ಅದೂ ಒಂದು ಮ್ಯಾಕ್ರೋ ಅಕ್ಷರ. ಅದಕ್ಕೆ ಕಟ್ಟಿದ ಫಂಕ್ಷನ್ ಸಾಲಿನ ಕೊನೆಯವರೆಗೆ ತಿಂದು, ಯಾವ ಮೌಲ್ಯವನ್ನೂ ಕೊಡದೆ ಹಿಂತಿರುಗುತ್ತದೆ. ನಿಲ್ ಅನ್ನು ಕೊಡುವುದಲ್ಲ, ಅಕ್ಷರಶಃ ಸೊನ್ನೆ ಮೌಲ್ಯ. ಸೊನ್ನೆ ಮೌಲ್ಯ ಬಂದರೆ ರೀಡ್ ಏನೂ ನಡೆದೇ ಇಲ್ಲವೆಂಬಂತೆ ಮುಂದಕ್ಕೆ ಹೋಗುತ್ತದೆ. ಕಾಮೆಂಟ್ ಮಾಯವಾಗುವ ಜಾಗ ಕರಾರುವಾಕ್ಕಾಗಿ ಇದೇ.

ಕೊನೆಯ ಸ್ಥಾನದಲ್ಲೂ ಒಂದು ಸಣ್ಣ ಮುಳ್ಳಿದೆ. ಹೊರಗಿನ ಮಟ್ಟದಲ್ಲಿ ಬರಿಯ ಹೆಸರನ್ನೋ ಸಂಖ್ಯೆಯನ್ನೋ ಓದಿದರೆ ಅದರ ನಂತರದ ಒಂದು ಖಾಲಿ ಅಕ್ಷರವನ್ನೂ ರೀಡ್ ನುಂಗುತ್ತದೆ. ಬ್ರ್ಯಾಕೆಟ್ಟಿನಿಂದ ಮುಗಿಯುವ ಫಾರ್ಮಿನಲ್ಲಿ ನುಂಗುವುದಿಲ್ಲ. ಹಾಗಾಗಿ ಈ ಒಂದಕ್ಷರದ ವ್ಯತ್ಯಾಸ ಅಪರೂಪಕ್ಕೆ ಮಾತ್ರ ತಲೆಹಾಕುತ್ತದೆ, ಸಿಕ್ಕದೆ ಓಡುತ್ತದೆ. ‘ರೀಡ್-ಪ್ರಿಸರ್ವಿಂಗ್-ವೈಟ್‌ಸ್ಪೇಸ್’ ಎಂಬ ಉದ್ದ ಹೆಸರಿನ ಫಂಕ್ಷನ್ ಇರುವುದೇ ಇದಕ್ಕಾಗಿ.

ಆದರೆ ನಿಮಗೆ ನನ್ನ ಸಲಹೆ ಇನ್ನೂ ನೇರ: ಆಟೊಲಿಸ್ಪ್ ಓದಲು ಕಾಮನ್ ಲಿಸ್ಪ್‌ನ ರೀಡ್ ಬಳಸಲೇಬೇಡಿ. ಎರಡೂ ಲಿಸ್ಪ್ ಎಂಬ ಸಲಿಗೆಯಿಂದ ನೀವು ಹಾಗೆ ಮಾಡಿದ್ದೀರಿ. ಆಟೊಲಿಸ್ಪ್ 1986ರಲ್ಲಿ ಆಟೊಕ್ಯಾಡ್‌ಗೆ ಬಂದದ್ದು ಡೇವಿಡ್ ಬೆಟ್ಜ್ ಅವರ ಎಕ್ಸ್‌ಲಿಸ್ಪ್ ಎಂಬ ಇನ್ನೊಂದು ಲಿಸ್ಪ್‌ನಿಂದ. ಕಾಮನ್ ಲಿಸ್ಪ್‌ಗೆ ಅದು ದೂರದ ನೆಂಟ. ಬ್ರ್ಯಾಕೆಟ್ ಒಂದೇ ಥರ ಕಾಣುತ್ತದೆ, ಒಳಗಿನ ರೂಢಿ ಬೇರೆ. ಮೂರು ಕಡೆ ಇದು ನಿಮ್ಮನ್ನು ಸದ್ದಿಲ್ಲದೆ ಕೆಡವುತ್ತದೆ.

ಒಂದು, ಕೋಲನ್. ಕಾಮನ್ ಲಿಸ್ಪ್‌ನಲ್ಲಿ ಕೋಲನ್ ಅಂದರೆ ಎಡಗಡೆಯದು ಪ್ಯಾಕೇಜ್, ಬಲಗಡೆಯದು ಹೆಸರು. ‘ಸಿ’ ಎಂಬ ಪ್ಯಾಕೇಜ್ ಇಲ್ಲವೆಂದು ರೀಡ್ ದೂರುವುದು ಅದಕ್ಕೆ. ನೀವು ಕೋಲನ್ ಬದಲು ಹೈಫನ್ ಹಾಕಿದ್ದೀರಿ. ಉದ್ದ ಬದಲಾಗದ್ದರಿಂದ ಸ್ಥಾನಗಳೇನೋ ಉಳಿದವು. ಆದರೆ ಫೈಲಿನಲ್ಲಿರುವ ಸ್ಟ್ರಿಂಗುಗಳ ಒಳಗೆ ಸಿ ಡ್ರೈವಿನ ದಾರಿಗಳಿರುತ್ತವಲ್ಲ, ಅಲ್ಲಿನ ಕೋಲನ್ ಏನಾಯಿತೆಂದು ಒಮ್ಮೆ ನೋಡಿ. ಬ್ಲಾಕ್ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು ನಿಮ್ಮ ಡ್ರಾಫ್ಟ್ಸ್‌ಮನ್ನರಿಂದ ಇಷ್ಟರಲ್ಲೇ ಬರುತ್ತದೆ.

ಎರಡು, ಬ್ಯಾಕ್‌ಸ್ಲ್ಯಾಶ್. ಆಟೊಲಿಸ್ಪ್ ಸ್ಟ್ರಿಂಗಿನಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಸೇರಿದರೆ ಹೊಸ ಸಾಲು. ಬಳಕೆದಾರನಿಗೆ ಏನಾದರೂ ಕೇಳುವ ಪ್ರತಿಯೊಂದು ಸಂದೇಶವೂ ಬಹುಮಟ್ಟಿಗೆ ಅದರಿಂದಲೇ ಶುರುವಾಗುತ್ತದೆ. ಕಾಮನ್ ಲಿಸ್ಪ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಅಂದರೆ ಮುಂದಿನ ಅಕ್ಷರವನ್ನು ಹಾಗೆಯೇ ತೆಗೆದುಕೋ ಎಂದಷ್ಟೆ. ಹೊಸ ಸಾಲು ಹೋಗಿ ಸಂದೇಶದ ಮುಂದೆ ಒಂಟಿ ಎನ್ ಅಕ್ಷರ ನಿಂತಿರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಮೂರು, ಬ್ಲಾಕ್ ಕಾಮೆಂಟ್. ಆಟೊಲಿಸ್ಪ್‌ನಲ್ಲಿ ಅದು ;| ಎಂದು ತೆರೆದು |; ಎಂದು ಮುಚ್ಚುತ್ತದೆ. ಕಾಮನ್ ಲಿಸ್ಪ್‌ಗೆ ಮೊದಲ ಸೆಮಿಕೋಲನ್ ಕಂಡರೆ ಸಾಕು, ಅದೊಂದು ಸಾಲಿನ ಕಾಮೆಂಟ್ ಎಂದುಕೊಳ್ಳುತ್ತದೆ. ಎರಡನೆಯ ಸಾಲಿನಿಂದ ಮುಂದಿನದೆಲ್ಲ ಅದಕ್ಕೆ ಕೋಡ್! ಯಾರೋ ಹತ್ತು ವರ್ಷದ ಹಿಂದೆ ಮುಚ್ಚಿಟ್ಟ ಹಳೆಯ ಫಂಕ್ಷನ್ ನಿಮ್ಮ ಉಪಕರಣದ ಕೈಯಲ್ಲಿ ಮತ್ತೆ ಜೀವ ಪಡೆದಿರುತ್ತದೆ. ಈ ಮೂರರಲ್ಲಿ ನನಗೆ ಹೆಚ್ಚು ಭಯ ಇದರದ್ದೇ.

ಒಳ್ಳೆಯ ಸುದ್ದಿಯೆಂದರೆ ಆಟೊಲಿಸ್ಪ್‌ನ ವ್ಯಾಕರಣ ಬಹಳ ಚಿಕ್ಕದು. ಲಿಸ್ಟ್, ಚುಕ್ಕೆಯ ಜೋಡಿ, ಕೋಟ್ ಚಿಹ್ನೆ, ಸ್ಟ್ರಿಂಗ್, ಸಂಖ್ಯೆ, ಹೆಸರು, ಎರಡು ಬಗೆಯ ಕಾಮೆಂಟ್, ಮುಗಿಯಿತು. ಬಳಕೆದಾರ ಬದಲಿಸಬಹುದಾದ ರೀಡ್‌ಟೇಬಲ್ ಇಲ್ಲ, ಓದುವಾಗಲೇ ಕೋಡ್ ನಡೆಸುವ ಚಿಹ್ನೆಗಳಿಲ್ಲ. ಇದಕ್ಕೆ ಕೈಯಿಂದ ಒಂದು ಪಾರ್ಸರ್ ಬರೆಯುವುದು ಭಾನುವಾರದ ಒಂದು ಮಧ್ಯಾಹ್ನದ ಕೆಲಸ.

ಫೈಲನ್ನು ಪೂರ್ತಿಯಾಗಿ ಒಂದೇ ಸ್ಟ್ರಿಂಗ್ ಆಗಿ ಮೆಮೊರಿಗೆ ತನ್ನಿ. ಅದರ ಮೇಲೆ ನಿಮ್ಮದೇ ಸೂಚಿ ಓಡಿಸಿ, ಫೈಲ್-ಪೊಸಿಷನ್ ಮರೆತುಬಿಡಿ. ಅಕ್ಷರಗಳ ಸ್ಟ್ರೀಮಿನಲ್ಲಿ ಒಂದು ಅಕ್ಷರ ಓದಿದರೆ ಫೈಲ್-ಪೊಸಿಷನ್ ಒಂದಕ್ಕಿಂತ ಹೆಚ್ಚು ಮುಂದೆ ಹೋಗಬಹುದು ಎಂದು ಕಾಮನ್ ಲಿಸ್ಪ್ ಮಾನಕವೇ ಅನುಮತಿ ಕೊಟ್ಟಿದೆ. ಅದನ್ನು ನಂಬಿ ಸ್ಟ್ರಿಂಗಿನಿಂದ ತುಣುಕು ಕತ್ತರಿಸಿದರೆ ಕತ್ತರಿ ಎಲ್ಲೋ ಬೀಳುತ್ತದೆ. ಪ್ರತಿ ಗೆಣ್ಣಿಗೂ ಬಗೆ, ಆರಂಭ, ಅಂತ್ಯ, ಮಕ್ಕಳು, ಮೌಲ್ಯ ಎಂಬ ಐದು ಖಾನೆ ಸಾಕು. ಅಂತ್ಯವೆಂದರೆ ಕೊನೆಯ ಅಕ್ಷರದ ಮುಂದಿನ ಸ್ಥಾನ. ಹೀಗಿಟ್ಟುಕೊಂಡರೆ ಉದ್ದ ತಿಳಿಯಲು ಕಳೆದರೆ ಸಾಕು, ಒಂದರ ಅಂತ್ಯವೂ ಮುಂದಿನದರ ಆರಂಭವೂ ನೇರವಾಗಿ ಹೊಂದುತ್ತವೆ.

ಒಂದು ಪುಟ್ಟ ಫಾರ್ಮನ್ನು ಹತ್ತಿರದಿಂದ ನೋಡೋಣ. ಓದಲು ಸುಲಭವಾಗಲೆಂದು ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ.

(ಗೆರೆ ಅ ;ಮೇಲಿನ ತುದಿ
  ಬ)

ತೆರೆಯುವ ಬ್ರ್ಯಾಕೆಟ್ 0ಯಲ್ಲಿ. ‘ಗೆರೆ’ 1ರಿಂದ 5, ‘ಅ’ 6ರಿಂದ 7. ಕಾಮೆಂಟ್ 8ರಿಂದ 19. 19ರಲ್ಲಿ ಹೊಸ ಸಾಲಿನ ಗುರುತು, ಆಮೇಲೆ ಎರಡು ಖಾಲಿ ಜಾಗ, ‘ಬ’ 22ರಿಂದ 23, ಮುಚ್ಚುವ ಬ್ರ್ಯಾಕೆಟ್ ಸೇರಿ ಲಿಸ್ಟ್ 0ಯಿಂದ 24. ರೀಡ್ ಕೊಡುವ ಲಿಸ್ಟಿನಲ್ಲಿ ಮಕ್ಕಳು ಮೂವರು. ನೀವು ಕಟ್ಟುವ ಮರದಲ್ಲಿ ನಾಲ್ವರು: ಹೆಸರು, ಹೆಸರು, ಕಾಮೆಂಟ್, ಹೆಸರು, ಫೈಲಿನಲ್ಲಿ ಬಂದ ಅದೇ ಕ್ರಮದಲ್ಲಿ. ಕಾಮೆಂಟಿಗೂ ಮಗುವಿನ ಸ್ಥಾನ ಕೊಡುವುದೇ ಇಲ್ಲಿನ ಮುಖ್ಯ ನಿರ್ಧಾರ. ಮೌಲ್ಯ ಬೇಕಾದ ಕಡೆ ಅವನ್ನು ಬಿಟ್ಟು ಎಣಿಸಿ. ಮರಳಿ ಬರೆಯುವಾಗ ಎಲ್ಲರನ್ನೂ ಕರೆಯಿರಿ.

ಖಾಲಿ ಜಾಗಕ್ಕೆ ಪ್ರತ್ಯೇಕ ಗೆಣ್ಣು ಬೇಕಿಲ್ಲ. ಇಬ್ಬರು ಮಕ್ಕಳ ನಡುವಿನ ಬಿರುಕೇ ಖಾಲಿ ಜಾಗ. ಇದರಿಂದ ನಿಮಗೆ ಅಗ್ಗದಲ್ಲಿ ಒಂದು ಗಟ್ಟಿ ಪರೀಕ್ಷೆ ಸಿಗುತ್ತದೆ: ನಿಮ್ಮಲ್ಲಿರುವ ಎಲ್ಲ ಫೈಲುಗಳನ್ನೂ ಓದಿಸಿ, ಮಕ್ಕಳ ನಡುವಿನ ಪ್ರತಿ ಬಿರುಕಿನಲ್ಲೂ ಖಾಲಿ ಜಾಗ, ಟ್ಯಾಬ್, ಸಾಲಿನ ಗುರುತು ಬಿಟ್ಟು ಬೇರೇನಾದರೂ ಇದೆಯೇ ನೋಡಿ. ಇದ್ದರೆ ಪಾರ್ಸರ್ ಅಲ್ಲಿ ಏನನ್ನೋ ಕೈಬಿಟ್ಟಿದೆ. (ಚುಕ್ಕೆಯ ಜೋಡಿಯ ಚುಕ್ಕೆ ಹೀಗೆ ಮೊದಲು ಸಿಕ್ಕಿಬೀಳುತ್ತದೆ, ಅದನ್ನೂ ಒಂದು ಗೆಣ್ಣು ಮಾಡಿಬಿಡಿ.) ಜೊತೆಗೆ ಎಲೆಗಳನ್ನೂ ಬ್ರ್ಯಾಕೆಟ್ಟುಗಳನ್ನೂ ಬಿರುಕುಗಳನ್ನೂ ಕ್ರಮವಾಗಿ ಜೋಡಿಸಿದರೆ ಮೂಲ ಫೈಲ್ ಬೈಟ್‌ಗೆ ಬೈಟ್ ಮರಳಿ ಬರಬೇಕು. ಇಂಡೆಂಟ್ ಸರಿಪಡಿಸುವ ಒಂದು ಸಾಲು ಬರೆಯುವ ಮುನ್ನ ಈ ಎರಡು ಪರೀಕ್ಷೆ ಪಾಸಾಗಲಿ.

ಮೌಲ್ಯವನ್ನು ನಂಬಿ ಮರಳಿ ಬರೆಯಬೇಡಿ, ಮೂಲದ ತುಣುಕನ್ನೇ ಕತ್ತರಿಸಿ ಇಡಿ. 12.50 ಎಂದು ಬರೆದವನು ಆ ಸೊನ್ನೆಯನ್ನು ಬೇಕೆಂದೇ ಬರೆದಿರುತ್ತಾನೆ. ಸಂಖ್ಯೆಯಾಗಿ ಓದಿ ಮುದ್ರಿಸಿದರೆ 12.5 ಆಗುತ್ತದೆ. ಹೆಸರಿನ ಉದ್ದದಿಂದ ಅಂತ್ಯದ ಸ್ಥಾನವನ್ನು ಲೆಕ್ಕ ಹಾಕುವುದೂ ಸಲ್ಲದು. ಎಸ್‌ಬಿಸಿಎಲ್ ರೀಡರ್ ಸಿಂಬಲ್ ಹೆಸರುಗಳನ್ನು ಯುನಿಕೋಡ್‌ನ ಏಕರೂಪಕ್ಕೆ ತರುತ್ತದೆ. ಕನ್ನಡದ ‘ಕೋ’ ಅಕ್ಷರದ ಓತ್ವವನ್ನು ಫೈಲಿನಲ್ಲಿ ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು, ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಓದಿದ ಮೇಲೆ ಅದು ಒಂದೇ ಚಿಹ್ನೆ. ಫೈಲಿನಲ್ಲಿ ನಾಲ್ಕು ಕೋಡ್ ಪಾಯಿಂಟ್ ಇದ್ದದ್ದು ಹೆಸರಿನಲ್ಲಿ ಎರಡಾದರೆ, ಅದರ ಮುಂದಿನ ಎಲ್ಲ ಸ್ಥಾನಗಳೂ ಎರಡು ಹೆಜ್ಜೆ ಹಿಂದೆ ಬೀಳುತ್ತವೆ.

ಕೋಟ್ ಚಿಹ್ನೆಯ ಬಗ್ಗೆ ಎರಡು ಮಾತು. 'ಅ ಎಂದು ಬರೆದದ್ದನ್ನು ಭಾಷೆ (ಕೋಟ್ ಅ) ಎಂಬ ಲಿಸ್ಟಾಗಿ ನೋಡುತ್ತದೆ. ಲಿಸ್ಟಿಗೆ ಸ್ಥಾನವಿದೆ, ‘ಅ’ಕ್ಕೆ ಸ್ಥಾನವಿದೆ, ‘ಕೋಟ್’ ಎಂಬ ಹೆಸರು ಫೈಲಿನಲ್ಲಿ ಎಲ್ಲೂ ಇಲ್ಲ. ಅದಕ್ಕೆ ಸುಳ್ಳು ಸ್ಥಾನ ಕೊಡಬೇಡಿ. ಮರದಲ್ಲಿ ಅದನ್ನು ಕೋಟ್ ಬಗೆಯ ಗೆಣ್ಣಾಗಿ ಹಾಗೆಯೇ ಇಡಿ, ಲಿಸ್ಟಾಗಿ ಬಿಡಿಸಬೇಡಿ.

ಸಾಲು, ಕಾಲಂಗಳನ್ನು ಗೆಣ್ಣಿನಲ್ಲಿ ಇಡಬೇಡಿ. ಫೈಲಿನಲ್ಲಿ ಹೊಸ ಸಾಲು ಎಲ್ಲೆಲ್ಲಿ ಶುರುವಾಗುತ್ತದೆ ಎಂಬ ಸ್ಥಾನಗಳ ಒಂದು ಪಟ್ಟಿ ಒಮ್ಮೆ ಮಾಡಿಟ್ಟರೆ, ಬೇಕಾದಾಗ ದ್ವಿಭಾಜನ ಹುಡುಕಾಟದಿಂದ ಸಾಲು ಸಿಗುತ್ತದೆ. ಎಣಿಕೆ ಎಲ್ಲಿಂದ ಎಂಬುದು ಮಾತ್ರ ಗೊಂದಲದ ಸಂತೆ. ರಾಕೆಟ್‌ನಲ್ಲಿ ಸಾಲು 1ರಿಂದ, ಕಾಲಂ 0ಯಿಂದ, ಒಟ್ಟು ಸ್ಥಾನ ಮತ್ತೆ 1ರಿಂದ. ಎಡಿಟರ್‌ಗಳು ಬಳಸುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಲ್ಲಿ ಸಾಲೂ ಕಾಲಮ್ಮೂ 0ಯಿಂದ, ಅದೂ ಬೇರೆ ಒಪ್ಪಂದ ಇಲ್ಲದಿದ್ದರೆ ಯುಟಿಎಫ್-16ರ ಘಟಕಗಳಲ್ಲಿ. ಕನ್ನಡ, ದೇವನಾಗರಿ ಅಕ್ಷರಗಳಿಗೆ ಅಲ್ಲಿ ತಲಾ ಒಂದೇ ಘಟಕ, ಹಾಗಾಗಿ ನೀವು ಬಚಾವು, ಇಮೋಜಿಗೆ ಎರಡು. ಒಳಗೆ ಒಂದೇ ಎಣಿಕೆ ಇಟ್ಟುಕೊಂಡು, ಹೊರಗೆ ತೋರಿಸುವ ಹೊಸ್ತಿಲಲ್ಲಿ ಮಾತ್ರ ಪರಿವರ್ತಿಸಿ.

ಇನ್ನು ತೆರೆಯದ ಮರಾಠಿ ಫೈಲುಗಳು. ನಿಮ್ಮ ಪ್ರೋಗ್ರಾಂ ಅವನ್ನು ಯುಟಿಎಫ್-8 ಎಂದು ಓದಲು ಹೋಗಿ ಮುಗ್ಗರಿಸುತ್ತಿದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ ಭಾರತೀಯ ಭಾಷೆಗಳಿಗೆ 1991ರ ಇಸ್ಕಿ ಮಾನಕವಿತ್ತು. ಅದರ ಜೊತೆಗೆ ಪುಣೆಯ ಸಿ-ಡ್ಯಾಕ್‌ನ ಫಾಂಟ್ ಸಂಕೇತಗಳು, ಶ್ರೀಲಿಪಿ, ಕೃತಿದೇವ್, ನಮ್ಮ ಕಡೆಯ ನುಡಿ, ಬರಹ, ಒಂದೊಂದಕ್ಕೂ ಒಂದೊಂದು ಹಂಚಿಕೆ. ಕಾಮೆಂಟ್ ಯಾವುದರಲ್ಲಿದೆ ಎಂದು ಪತ್ತೆ ಹಚ್ಚುವ ಗೋಜಿಗೆ ಹೋಗಬೇಡಿ. ನಿಮ್ಮ ಉಪಕರಣಕ್ಕೆ ಅದರ ಅರ್ಥ ಬೇಕಾಗಿಲ್ಲ, ಅದು ಕೆಡದೆ ಉಳಿದರೆ ಸಾಕು. ಫೈಲನ್ನು ಲ್ಯಾಟಿನ್-1 ಎಂದು ಓದಿ, ಲ್ಯಾಟಿನ್-1 ಎಂದೇ ಬರೆಯಿರಿ. ಅಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ, 256 ಬೈಟ್‌ಗಳೂ ಒಪ್ಪಿತ, ಮರಳಿ ಬರೆದಾಗ ಒಂದೂ ಕೆಡುವುದಿಲ್ಲ. ಆಗ ನಿಮ್ಮ ಸ್ಥಾನಗಳೆಲ್ಲ ಬೈಟ್ ಸ್ಥಾನಗಳಾಗುತ್ತವೆ. ಮೇಲೆ 24 ಅಕ್ಷರ ಎಂದು ಎಣಿಸಿದ ಫಾರ್ಮು ಯುಟಿಎಫ್-8 ಫೈಲಿನಲ್ಲಿದ್ದರೆ ಹೀಗೆ ಓದಿದಾಗ 54 ಬರುತ್ತದೆ. ಎಡಿಟರ್‌ಗೆ ಕಾಲಂ ಹೇಳುವಾಗ ಇದು ನೆನಪಿರಲಿ. ಕೆಲವು ಹಳೆಯ ಫಾಂಟುಗಳಲ್ಲಿ ಸೆಮಿಕೋಲನ್, ಲಂಬಗೆರೆಗಳ ಜಾಗದಲ್ಲೂ ಅಕ್ಷರಗಳು ಕೂತಿವೆ. ಬ್ಲಾಕ್ ಕಾಮೆಂಟಿನ ನಡುವೆ ಅಕಸ್ಮಾತ್ |; ಬಂದರೆ ಏನು ಗತಿ ಎಂದು ನೀವು ಕೇಳಬಹುದು. ಹಾಗಿದ್ದಿದ್ದರೆ ಆಟೊಕ್ಯಾಡ್ ಕೂಡ ಅಲ್ಲೇ ಮುಗ್ಗರಿಸುತ್ತಿತ್ತು. ಇಷ್ಟು ವರ್ಷ ಲೋಡ್ ಆಗುತ್ತಾ ಬಂದ ಫೈಲಿನಲ್ಲಿ ಆ ಚಿಂತೆ ಬೇಡ.

ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಗುರುತನ್ನೂ, ಡಾಸ್ ಕಾಲದ ಫೈಲುಗಳ ತುದಿಯಲ್ಲಿ ಕೆಲವೊಮ್ಮೆ ಉಳಿದಿರುವ 26ನೇ ಸಂಕೇತದ ಬೈಟನ್ನೂ ಬಿಟ್ಟುಹೋದ ಸಾಮಗ್ರಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾಮೆಂಟ್ ಉಳಿಸಿಕೊಂಡದ್ದಾಯಿತು. ಅದು ಯಾರಿಗೆ ಸೇರಿದ್ದು? ಇಲ್ಲಿ ಪಾರ್ಸರ್‌ಗಿಂತ ರೂಢಿಯ ಮಾತು ಹೆಚ್ಚು. ಲಿಸ್ಪ್ ಬರೆಯುವವರಲ್ಲಿ ಒಂದು ಸೆಮಿಕೋಲನ್ ಆದರೆ ಅದೇ ಸಾಲಿನ ಎಡಗಡೆಯ ಕೋಡಿಗೆ, ಎರಡಾದರೆ ಕೆಳಗಿನ ಸಾಲಿಗೆ, ಮೂರಾದರೆ ಹೊರಗಿನ ಮಟ್ಟದ ಫಾರ್ಮಿಗೆ, ನಾಲ್ಕಾದರೆ ಫೈಲಿನ ವಿಭಾಗಕ್ಕೆ ಎಂಬ ಸಂಪ್ರದಾಯವಿದೆ. ಆದ್ದರಿಂದ ಕಾಮೆಂಟ್ ಗೆಣ್ಣಿನಲ್ಲಿ ಸೆಮಿಕೋಲನ್ ಎಷ್ಟು ಎಂಬುದನ್ನೂ ಬರೆದಿಡಿ. ನಿಮ್ಮ ಫೈಲುಗಳಲ್ಲಿ ;_ ಎಂದು ಶುರುವಾಗಿ ಇಂಥ ಫಾರ್ಮು ಇಲ್ಲಿ ಮುಗಿಯಿತು ಎನ್ನುವ ಕಾಮೆಂಟುಗಳೂ ದಂಡಿಯಾಗಿರಬೇಕು. ಅವನ್ನು ಮನುಷ್ಯರು ಬರೆದದ್ದಲ್ಲ, ಆಟೊಕ್ಯಾಡ್‌ನ ವಿಷುಯಲ್ ಲಿಸ್ಪ್ ಎಡಿಟರ್‌ನ ಫಾರ್ಮ್ಯಾಟರ್ ಸೇರಿಸಿದ್ದು. ಅವಕ್ಕೆ ಬೇರೆ ಬಗೆ ಕೊಟ್ಟರೆ ಒಂದೇ ಏಟಿಗೆ ಕಿತ್ತುಹಾಕಬಹುದು. ನಾನಾದರೆ ಕಿತ್ತುಹಾಕುತ್ತೇನೆ.

ಮನುಷ್ಯರು ಬರೆದದ್ದನ್ನು ಮಾತ್ರ ಮುಟ್ಟಬೇಡಿ. ಭೋಸರಿ, ಚಾಕಣದ ಕಡೆಯ ಫೈಲುಗಳಲ್ಲಿ ಕೋಡಿಗಿಂತ ಕಾಮೆಂಟಿನಲ್ಲೇ ಕಸುಬು ಹೆಚ್ಚಿರುತ್ತದೆ. ಇದನ್ನು ನೋಡಿ:

(ಸೆಟ್‌ಕ್ಯೂ ದಪ್ಪ 12 ;ಚಾಕಣದ ಪ್ರೆಸ್‌ಗೆ ಇಷ್ಟೇ, ಬದಲಿಸಬೇಡಿ
)

ಆ 12 ಏಕೆ 12 ಎಂಬುದು ಕಾಮೆಂಟಿನಲ್ಲಲ್ಲದೆ ಬೇರೆಲ್ಲೂ ಬರೆದಿಲ್ಲ. ಇದೇ ಫಾರ್ಮಿನಲ್ಲಿ ಒಂದು ಬಲೆಯೂ ಇದೆ. ಒಂಟಿ ಬ್ರ್ಯಾಕೆಟ್ಟಿಗೆ ಒಂದು ಸಾಲು ಏಕೆಂದು ನಿಮ್ಮ ಉಪಕರಣ ಅದನ್ನು ಮೇಲಿನ ಸಾಲಿಗೆ ಎತ್ತಿ ಅಂಟಿಸಿದರೆ, ಬ್ರ್ಯಾಕೆಟ್ ಕಾಮೆಂಟಿನೊಳಗೆ ಹೋಗಿ ಸತ್ತುಹೋಗುತ್ತದೆ. ನಿಯಮ ಸರಳ: ಲಿಸ್ಟಿನ ಕೊನೆಯ ಮಗು ಸಾಲಿನ ಕಾಮೆಂಟ್ ಆಗಿದ್ದರೆ ಮುಚ್ಚುವ ಬ್ರ್ಯಾಕೆಟ್ ಹೊಸ ಸಾಲಿನಲ್ಲೇ ಇರಬೇಕು. ಕಾಮೆಂಟ್ ಮಗುವಾಗಿ ಮರದಲ್ಲಿ ಇದ್ದರೆ ಮಾತ್ರ ಈ ನಿಯಮ ಬರೆಯಲು ಸಾಧ್ಯ. ಕಾಮೆಂಟನ್ನು ಮುಂದಿನ ಫಾರ್ಮಿಗೆ ಅಂಟಿಸುವ ವಿಧಾನದಲ್ಲಿ ಹೀಗೆ ಮುಂದೆ ಯಾರೂ ಇಲ್ಲದ ಕಾಮೆಂಟ್ ಅನಾಥವಾಗುತ್ತದೆ.

ಮುಂದೆಂದಾದರೂ ಕಾಮನ್ ಲಿಸ್ಪ್ ಫೈಲುಗಳಿಗೇ ಇಂಥ ಉಪಕರಣ ಕಟ್ಟುವುದಾದರೆ ಕೈಯಿಂದ ಪಾರ್ಸರ್ ಬರೆಯಲು ಕೂರಬೇಡಿ. ಅಲ್ಲಿನ ವ್ಯಾಕರಣಕ್ಕೆ ತಳವಿಲ್ಲ. ಎಕ್ಲೆಕ್ಟರ್ ಎಂಬ ಲೈಬ್ರರಿ ಇದೆ, ಕಾಮನ್ ಲಿಸ್ಪ್ ಅನ್ನು ಹೊಸದಾಗಿ ಕಟ್ಟುವ ರಾಬರ್ಟ್ ಸ್ಟ್ರಾಂಡ್ ಅವರ ಸಿಕಲ್ ಯೋಜನೆಯಿಂದ ಹೊರಬಂದ ರೀಡರ್. ಅದಕ್ಕೆ ನಿಮ್ಮದೊಂದು ಕ್ಲೈಂಟ್ ಕೊಟ್ಟರೆ, ಪ್ರತಿ ಫಾರ್ಮು ಓದಿದಾಗಲೂ ಮೌಲ್ಯ, ಮಕ್ಕಳು, ಸ್ಥಾನದ ವ್ಯಾಪ್ತಿ ಹಿಡಿದು ನಿಮ್ಮ ಮೆಥಡ್ ಒಂದನ್ನು ಕರೆಯುತ್ತದೆ. ಏನನ್ನಾದರೂ ದಾಟಿ ಹೋದಾಗಲೂ ಇನ್ನೊಂದನ್ನು ಕರೆದು ಇದನ್ನು ಬಿಟ್ಟೆ, ಇಂಥ ಕಾರಣಕ್ಕೆ ಬಿಟ್ಟೆ ಎಂದು ಹೇಳುತ್ತದೆ. ಕಾರಣದಲ್ಲಿ ಸೆಮಿಕೋಲನ್ ಎಷ್ಟಿದ್ದವು ಎಂಬುದೂ ಬರುತ್ತದೆ. ಅಲ್ಲಿ ಬಿಟ್ಟುಹೋಗುವುದು ಕಾಮೆಂಟ್ ಮಾತ್ರ ಅಲ್ಲ ಎಂಬುದನ್ನು ಗಮನಿಸಿ. #+ ಚಿಹ್ನೆಯ ನಂತರ ಬೇರೆ ಲಿಸ್ಪ್‌ಗೆಂದು ಬರೆದ ಕೋಡನ್ನು ರೀಡರ್ ಬ್ರ್ಯಾಕೆಟ್ ಹೊಂದಿಸಿಕೊಂಡು ಓದುತ್ತದೆ, ಆದರೆ ಎಸೆದುಬಿಡುತ್ತದೆ. ಇಂಡೆಂಟ್ ಸರಿಪಡಿಸುವವನಿಗೆ ಅದೂ ಕೋಡೇ. ಸಾದಾ ರೀಡ್ ಬಳಸಿ ಕಟ್ಟಿದ ಉಪಕರಣ ಅದನ್ನು ಅಳಿಸಿಬಿಟ್ಟರೆ, ಬರೆದವನ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ. ಕೆಡುವುದು ಇನ್ನೊಬ್ಬನ ಯಂತ್ರದಲ್ಲಿ.

ಕೊನೆಗೆ ಮುಚ್ಚದ ಬ್ರ್ಯಾಕೆಟ್. ಆಟೊಕ್ಯಾಡ್ ಇದಕ್ಕೆ ಕೊಡುವ ‘ಮಾಲ್‌ಫಾರ್ಮ್ಡ್ ಲಿಸ್ಟ್ ಆನ್ ಇನ್‌ಪುಟ್’ ಎಂಬ ಒಂದು ಸಾಲಿನ ಶಾಪ ನಿಮಗೆ ಗೊತ್ತಿರುವುದೇ, ಸಾಲಿನ ಸಂಖ್ಯೆ ಅದರಲ್ಲಿಲ್ಲ. ನಿಮ್ಮ ಪಾರ್ಸರ್ ತೆರೆದ ಪ್ರತಿ ಬ್ರ್ಯಾಕೆಟ್ಟಿನ ಸ್ಥಾನವನ್ನೂ ಸ್ಟ್ಯಾಕ್‌ನಲ್ಲಿ ಇಡುತ್ತಾ ಹೋಗಲಿ. ಫೈಲ್ ಮುಗಿದಾಗ ಸ್ಟ್ಯಾಕ್‌ನಲ್ಲಿ ಉಳಿದದ್ದೆಲ್ಲ ಮುಚ್ಚದವು. ಆದರೆ ನಿಜವಾಗಿ ಮರೆತದ್ದು ಸಾಮಾನ್ಯವಾಗಿ ಅವುಗಳಲ್ಲಿ ಇರುವುದಿಲ್ಲ: ಒಳಗೆಲ್ಲೋ ಒಂದು ಮರೆತರೆ ಹೊರಗಿನದು ಬಂದು ಅದನ್ನು ಮುಚ್ಚುತ್ತದೆ, ತಪ್ಪು ಹೊರಗಿನವನ ತಲೆಗೆ ಕಟ್ಟಲ್ಪಡುತ್ತದೆ. ಇದಕ್ಕೆ ಈಮ್ಯಾಕ್ಸ್‌ನ ಹಳೆಯ ರೂಢಿಯೊಂದನ್ನು ಎರವಲು ತನ್ನಿ: ಸಾಲಿನ ಮೊದಲ ಕಾಲಮ್ಮಿನಲ್ಲೇ ಬ್ರ್ಯಾಕೆಟ್ ತೆರೆದರೆ ಅದು ಹೊಸ ಹೊರಗಿನ ಫಾರ್ಮು ಎಂದು ಭಾವಿಸುವುದು. ಓದುತ್ತಿರುವಾಗ ಆಳ ಸೊನ್ನೆ ಆಗಿಲ್ಲದೆ ಮೊದಲ ಕಾಲಮ್ಮಿನಲ್ಲಿ ಡಿಫನ್ (ಹೊಸ ಫಂಕ್ಷನ್ನಿನ ವ್ಯಾಖ್ಯಾನ) ಕಂಡರೆ, ತಪ್ಪು ಅದಕ್ಕಿಂತ ಹಿಂದಿನ ಫಂಕ್ಷನ್ನಿನಲ್ಲಿದೆ. ಆ ಫಂಕ್ಷನ್ ಶುರುವಾದ ಸಾಲನ್ನೂ ಈ ಡಿಫನ್ ಇರುವ ಸಾಲನ್ನೂ ಎರಡನ್ನೂ ತೋರಿಸಿ, ಆಳವನ್ನು ಸೊನ್ನೆಗೆ ತಂದು ಮುಂದೆ ಓದಿ. ಒಂದೇ ಓಟದಲ್ಲಿ ಫೈಲಿನ ಉಳಿದ ತಪ್ಪುಗಳೂ ಸಿಗುತ್ತವೆ.

ಮುಚ್ಚದ ಸ್ಟ್ರಿಂಗ್ ಇದಕ್ಕಿಂತ ಕೆಟ್ಟದ್ದು. ಒಂದು ಉದ್ಧರಣ ಚಿಹ್ನೆ ತಪ್ಪಿದರೆ ಅಲ್ಲಿಂದ ಮುಂದೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಕೋಡೆಲ್ಲ ಸ್ಟ್ರಿಂಗ್, ಸಂದೇಶಗಳೆಲ್ಲ ಕೋಡ್. ಇಲ್ಲಿ ಫೈಲಿನ ಕೊನೆಯಿಂದ ಹುಡುಕಬೇಡಿ. ಒಂದಕ್ಕಿಂತ ಹೆಚ್ಚು ಸಾಲಿಗೆ ಹಬ್ಬಿದ ಮೊದಲ ಸ್ಟ್ರಿಂಗ್ ಯಾವುದೆಂದು ನೋಡಿ, ಅದರ ಆರಂಭದ ಸಾಲನ್ನು ಹೇಳಿ. ನಿಮ್ಮ ಫೈಲುಗಳಲ್ಲಿ ಹೊಸ ಸಾಲನ್ನು ಬ್ಯಾಕ್‌ಸ್ಲ್ಯಾಶ್‌ನಿಂದಲೇ ಬರೆದಿರುವುದರಿಂದ ನಿಜವಾಗಿ ಹಲವು ಸಾಲಿಗೆ ಹಬ್ಬಿದ ಸ್ಟ್ರಿಂಗ್ ಇರುವುದು ಅಪರೂಪ. ಆ ಊಹೆ ಬಹುಪಾಲು ಸರಿಯಾಗಿಯೇ ಬೀಳುತ್ತದೆ.